ಮೂಗಿನಿಂದ ಕಿವಿಯವರೆಗೆ

ಮೂಗಿನ ತುದಿಯಲ್ಲಿ ಅಕ್ಕಿಕಾಳಿನಷ್ಟು ಜಾಗ, ಅಷ್ಟೇ, ಅಲ್ಲಿ ಮಾತ್ರ ಹಿತ್ತಾಳೆಯ ಮೇಲೆ ಹುಣಸೆಹಣ್ಣು ಉಜ್ಜಿದ ಗೀರು ಕೂಡ ನಿಚ್ಚಳ, ಅದರ ಹಿಂದೆ ಕೆನ್ನೆ ಮಂಜು, ಕಣ್ಣು ಮಂಜು, ಕಿವಿ ಇಲ್ಲವೇ ಇಲ್ಲ — ಕಾಶಿನಾಥ ಕ್ಯಾಮೆರಾದ ಉಂಗುರವನ್ನು ಕೂದಲೆಳೆಯಷ್ಟು ತಿರುಗಿಸಿ ಕೈ ತೆಗೆದ, ಉಸಿರು ಹಿಡಿದ, ತಂತಿಯ ತುದಿಯ ಗುಂಡಿ ಒತ್ತಿದ, ಕ್ಯಾಮೆರಾ ಒಂದು ಸೆಕೆಂಡು ಕಣ್ಣು ತೆರೆದು ಮುಚ್ಚಿತು, ಪಕ್ಕದ ಕಂಪ್ಯೂಟರಿನ ತೆರೆಯ ಮೇಲೆ ಹಿತ್ತಾಳೆಯ ಗೌರಿಯ ಮುಖ ಇನ್ನೊಮ್ಮೆ ಬಂದು ಕುಳಿತಿತು, ಈ ಸಲ ಮೂಗಿನ ಹೊರಳೆ ಸ್ಪಷ್ಟ, ತುದಿ ಮಸುಕು. ಒಂದು ಸಿಕ್ಕರೆ ಇನ್ನೊಂದಿಲ್ಲ. ಮಸೂರದ ಕಂಡಿ ಕಿರಿದು ಮಾಡಿ ನೋಡಿದ್ದಾಯಿತು, ಆಳ ಹೆಚ್ಚಿತು, ಆದರೆ ಬೆಳಕು ಕಂಡಿಯ ಅಂಚಿಗೆ ತಾಗಿ ಚದುರಿ ಎಲ್ಲವೂ ಸಮನಾಗಿ ಮಂಕಾಯಿತು. ಆದ್ದರಿಂದ ಹೋಳು ಹೋಳಾಗಿ ತೆಗೆಯಬೇಕು, ಮೂಗಿನಿಂದ ಕಿವಿಯವರೆಗೆ, ಪ್ರತಿ ಹೋಳಿನಲ್ಲಿ ನಿಚ್ಚಳವಾದದ್ದನ್ನಷ್ಟೇ ಕಂಪ್ಯೂಟರು ಆರಿಸಿ ಕೂಡಿಸುತ್ತದೆ, ಕೂಡುವ ಲೆಕ್ಕ, ಷರತ್ತು ಒಂದೇ, ಮೊದಲ ಹೋಳಿನಿಂದ ಕೊನೆಯದರವರೆಗೆ ಏನೂ ಅಲುಗಾಡಬಾರದು. ಬಾಲಾನಗರದ ಕಾರ್ಖಾನೆಯ ಅಳತೆ ಕೋಣೆಯಲ್ಲಿ ಆಯುಷ್ಯ ಕಳೆದವನಿಗೆ ನಡುಕಗಳನ್ನು ಒಂದೊಂದಾಗಿ ಕಳೆಯುವುದು ಗೊತ್ತು, ವಿಮಾನ ನಿಲ್ದಾಣವೇ ದೂರದ ಶಂಶಾಬಾದಿಗೆ ಹೋಯಿತು, ಅದನ್ನು ಕಳೆ, ಫ್ಯಾನು ಆರಿದೆ, ಕಳೆ, ಲಿಂಗಂಪಲ್ಲಿಯ ಲೋಕಲ್ ರೈಲು ಈಗಷ್ಟೇ ಹೋಯಿತು, ಮುಂದಿನದು ತಡ, ಕಳೆ, ಪಕ್ಕದ ಸೈಟಿನಲ್ಲಿ ಸಾಫ್ಟ್‌ವೇರ್ ಕಂಪನಿಯ ಗಾಜಿನ ಕಟ್ಟಡಕ್ಕಾಗಿ ಬಂಡೆ ಕೊರೆಯುವ ಯಂತ್ರವೂ ನಿಂತಿದೆ, ಕೆಳಗಿನಿಂದ ಯಾದಗಿರಿ ಕಡೆಯ ಕೂಲಿ ಹೆಂಗಸಿನ ಕೂಗು, ಮೌನಪ್ಪಾ, ಬುತ್ತಿ ಬಿಚ್ಚೀನಿ ಬಾರೋ, ಇಲ್ಲಾಂದ್ರ ಕಾಗಿ ಪಾಲು. ಅವರ ಊಟ ಮುಗಿಯುವವರೆಗೆ ಈ ಮೌನ ಅವನದು. ಕೊನೆಗೆ ಉಳಿದ ನಡುಕ ಹೆಂಡತಿಯ ಹೆಜ್ಜೆ, ಅದನ್ನೂ ಕಳೆದಿದ್ದಾನೆ, ಸುಮಂಗಲಾ ಅವನ ಬೆನ್ನ ಹಿಂದೆ ಕಿಟಕಿಯ ಬಳಿ ಬೆತ್ತದ ಕುರ್ಚಿಯಲ್ಲಿ ಕುಳಿತಿದ್ದಾಳೆ, ಮುಗಿಯೂ ತನಕ ಅಲ್ಲಾಡಬ್ಯಾಡ, ಮಾತಾಡಬ್ಯಾಡ ಎಂದಿದ್ದ, ಅವಳು, ಆತ್ರಿ, ಗೌರಿ ಕುಂತಂಗ ಕುಂದರ್ತೀನಿ, ಎಬ್ಬಸೂದು ಮಾತ್ರ ನಿಮ್ಮ ಕಡಿಂದ.

ಗೌರಿ ಕುಳಿತಂತೆ — ಗೌರಿಯರು ಇಬ್ಬರು, ಜ್ಯೇಷ್ಠೆ, ಕನಿಷ್ಠೆ, ಭಾದ್ರಪದದಲ್ಲಿ ಮೂರು ದಿನ ಸೀರೆ ಉಟ್ಟು ಅಕ್ಕ ತಂಗಿ ಜೋಡಿಯಾಗಿ ಕೂಡುವವರು, ಮೂರನೆಯ ದಿನ ಯಜಮಾನ ಎರಡೂ ಕೈ ಹಚ್ಚಿ ಮುಖಗಳನ್ನು ತುಸು ಕದಲಿಸುತ್ತಾನೆ, ಕದಲಿಸುವವರೆಗೆ ದೇವಿ ಇದ್ದಾಳೆ, ಕದಲಿಸಿದೊಡನೆ ಹೋದಳು, ಅಷ್ಟೇ ವಿಸರ್ಜನೆ. ಬಾಲಾನಗರದ ಕ್ವಾರ್ಟರ್ಸ್ ಬಿಟ್ಟು ಈ ಫ್ಲ್ಯಾಟಿಗೆ ಬಂದ ದಿನ ಲಾರಿ ಹತ್ತಿದ ಎರಡು ಹಿತ್ತಾಳೆಯ ಮುಖಗಳಲ್ಲಿ ಒಂದೇ ಇಳಿಯಿತು, ತಂಗಿ ಎಲ್ಲಿ ಹೋದಳೋ ತಿಳಿಯಲಿಲ್ಲ, ಅಂದಿನಿಂದ ಅಕ್ಕನ ಮುಖ ಹೊಸ್ತಿಲು ದಾಟಕೂಡದು ಎಂದು ಸುಮಂಗಲಾ ಪಟ್ಟು ಹಿಡಿದಳು. ಒಬ್ಬಾಕಿನ್ನ ಕುಂಡ್ರಿಸಿದ್ರ ಇನ್ನೊಬ್ಬಾಕಿ ಹೆಂಗರೆ ಮಾಡಿ ಬಂದು ಕುಂಡ್ರತಾಳ್ರಿ, ನಮ್ಮವ್ವ ಹೇಳ್ತಿದ್ಲು. ಬರ್ಲಿ ಬಿಡು, ಹುಡುಕೂ ಕೆಲ್ಸ ಉಳೀತೈತಿ ಎಂದು ಅವನು ನಕ್ಕಿದ್ದ, ಅವಳು ನಗಲಿಲ್ಲ. ಅವಳ ಎದೆಯ ಕವಾಟ ಸರಿಯಾಗಿ ಮುಚ್ಚುವುದಿಲ್ಲ, ಆಪರೇಷನ್ ತಡ ಮಾಡಬೇಡಿ ಎಂದು ಡಾಕ್ಟರು ಹೇಳಿದ ಮೇಲೆ ಅರ್ಧ ಮಳೆಗಾಲ ಕಳೆದಿದೆ, ಜೋಡಿ ಆಗ್ಲಿ, ಅಕ್ಕ ತಂಗಿ ಕುಂಡ್ರಲಿ, ಆಮ್ಯಾಲೆ ನನ್ನ ಎದಿ ಸೀಳಸ್ರಿ, ನಾ ಒಲ್ಲೆ ಅನ್ನಂಗಿಲ್ಲ, ಅದಕ್ಕಿಂತ ಮೊದ್ಲು ದವಾಖಾನಿ ಮೆಟ್ಟಲಾ ಹತ್ತಂಗಿಲ್ಲ. ಹಾಗಾದರೆ ತಂಗಿಯನ್ನು ಎರಕ ಹೊಯ್ಯಿಸಬೇಕು, ಮುಖ ಹೊರಗೆ ಹೋಗದು, ಚಿತ್ರ ಹೋಗಬಹುದು, ಬಾಲಾನಗರದ ಸಿದ್ದರಾಮಪ್ಪ ಚಿತ್ರ ನೋಡಿ ಅಚ್ಚು ಕೊರೆಯಬಲ್ಲ, ಆದರೆ ಮೊದಲ ಚಿತ್ರವನ್ನು ತಿರುಗಿಸಿ ಕೊಟ್ಟ, ಸರ, ಮೂಗು ಭಾಳ ಚಲೋ ಬಂದೈತ್ರಿ, ಕಿವಿ ಹೊಗಿಯಾಗ ಅದಾವ, ಹೊಗೀಗೆ ನಾ ಯಾವ ಅಳತಿ ಹಚ್ಚಲಿ. ಅದನ್ನು ಕೇಳಿ ಸುಮಂಗಲಾ, ನಿಮ್ಮ ಕ್ಯಾಮೆರಾನೂ ನಿಮ್ಮಂಗ ಐತಿ ಬಿಡ್ರಿ, ಮುಂದಿಂದು ಕಂಡ್ರ ಹಿಂದಿಂದು ಕಾಣಂಗಿಲ್ಲ.

ಹಿಂದಿನದು. ಉಂಗುರ, ಉಸಿರು, ಗುಂಡಿ. ಕೆನ್ನೆಯ ಉಬ್ಬು ಬಂತು, ಹಿತ್ತಾಳೆಯ ಕೆನ್ನೆ ಉಬ್ಬುಗನ್ನಡಿ, ಅದರಲ್ಲಿ ಇಡೀ ಕೋಣೆ ಇದೆ, ಕಿಟಕಿ, ಕುರ್ಚಿ, ಕುರ್ಚಿಯಲ್ಲಿ ಕಡಲೆಬೇಳೆಯಷ್ಟು ಅವಳು, ಅವನು ಮಾತ್ರ ಕಪ್ಪು ಬಟ್ಟೆ ಹೊದ್ದು ನಿಂತಿದ್ದಾನೆ, ಬಿಂಬದಲ್ಲಿ ಅವನಿಲ್ಲ. ಬಿಂಬ ಇರುವುದಾದರೂ ಕೆನ್ನೆಯ ಮೇಲಲ್ಲ, ಕೆನ್ನೆಯ ಹಿಂದೆ, ಲೋಹದ ಒಳಗೆ, ಏನೂ ಇಲ್ಲದ ಟೊಳ್ಳಿನಲ್ಲಿ, ಶಾಲೆಯಲ್ಲಿ ಕಲಿತ ಲೆಕ್ಕ, ಕಿವಿಯತ್ತ ಸಾಗುವ ಕ್ಯಾಮೆರಾದ ನೋಟ ಆ ಟೊಳ್ಳನ್ನು ದಾಟಿಯೇ ಹೋಗಬೇಕು. ಹಿಂದಿನ ಪ್ರಯತ್ನಗಳೆಲ್ಲ ಕೆಟ್ಟದ್ದು ಅಲ್ಲೇ, ಸುಮಂಗಲಾಳ ಮೂಗುತಿಯ ಹರಳು ಕಿಟಕಿಯ ಬೆಳಕಿಗೆ ಹೊಳೆದು ಗೌರಿಯ ಕೆನ್ನೆಯಲ್ಲಿ ಬಿಳಿಯ ಗೆರೆ ಎಳೆಯುತ್ತಿತ್ತು, ಕ್ಯಾಮೆರಾ ಕಣ್ಣು ತೆರೆದ ಒಂದು ಸೆಕೆಂಡಿನಲ್ಲಿ ಅವಳ ಉಸಿರು ಏರಿ ಇಳಿದಷ್ಟು ಉದ್ದದ ಗೆರೆ, ಕವಾಟ ಕೆಟ್ಟ ಮೇಲೆ ಅವಳು ಹೆಗಲೆತ್ತಿ ಉಸಿರಾಡುತ್ತಾಳೆ. ಒಳಕೋಣೆಗೆ ಹೋಗೆಂದರೆ ಒಲ್ಲಳು, ಆಕಿ ಒಬ್ಬಾಕೀನ ಕೂಡಬಾರದು, ನಾ ಜೋಡಿಗಿರ್ತೀನಿ. ನಿನ್ನೆ ಅವನು ರೇಗಿದ್ದ, ಒಂದು ಗಳಿಗಿ ಸುಮ್ನ ಕೂಡಾಕ ಬರಂಗಿಲ್ಲೇನ ನಿನಗ. ಸುಮ್ನ ಕುಂತೀನಲ್ರಿ, ಉಸಿರಾಡೂದೂ ಬ್ಯಾಡಂದ್ರ ಹೇಳ್ರಿ. ಹೇಳಲಿಲ್ಲ ಅವನು. ಹೇಳಿದನೇ. ಹೇಳಲಿಲ್ಲ. ಉಂಗುರ, ಉಸಿರು, ಗುಂಡಿ. ತೆರೆಯ ಮೇಲೆ ಮೂಗುತಿಯ ಹೊಳಪು ಮೊದಲು ಮಬ್ಬು ಬಿಲ್ಲೆ, ಮುಂದಿನ ಹೋಳಿನಲ್ಲಿ ಸಾಸಿವೆ, ಅದರ ಮುಂದಿನದರಲ್ಲಿ ಚುಕ್ಕೆ. ಗೆರೆಯಲ್ಲ. ಒಳ್ಳೆಯದಾಯಿತು, ಇಂದು ಮಾತು ಕೇಳಿದ್ದಾಳೆ. ಮತ್ತೆ ಚುಕ್ಕೆ, ಅದೇ ಜಾಗ. ಒಂದು ಸೆಕೆಂಡು ಉಸಿರು ಹಿಡಿಯುವುದು ದೊಡ್ಡದಲ್ಲ, ಅವನೂ ಹಿಡಿಯುತ್ತಾನೆ, ಆದರೆ ಅವನ ಬೆರಳು ಗುಂಡಿ ಒತ್ತುವ ಕ್ಷಣ ಹಿಂದೆ ಕುಳಿತವಳಿಗೆ ಹೇಗೆ ತಿಳಿದೀತು — ಸದ್ದು, ಕ್ಯಾಮೆರಾದ ಸದ್ದು ಕೇಳಿ — ಸದ್ದು ಕೇಳಿ ಹಿಡಿಯುವಷ್ಟರಲ್ಲಿ ಕೂದಲೆಳೆಯಷ್ಟಾದರೂ ಗೆರೆ ಬೀಳಬೇಕು, ಬಿದ್ದಿಲ್ಲ, ನಡುವೆ ಉಸಿರಾಡಿದ್ದರೆ ಚುಕ್ಕೆ ಜಾಗ ಬದಲಿಸಬೇಕು, ಬದಲಿಸಿಲ್ಲ. ಕೇಳಬಹುದು, ಸುಮಂಗಲಾ ಎಂದರೆ ಸಾಕು, ಆದರೆ ಮಾತಾಡಬ್ಯಾಡ ಎಂದವನು ತಾನೇ, ಉತ್ತರ ಬರದಿದ್ದರೆ ಅದು ವಿಧೇಯತೆಯೋ ಇನ್ನೊಂದೋ, ಅವ್ಯಕ್ತಗಳು ಎರಡು, ಸಮೀಕರಣ ಒಂದೇ, ಬಿಡಿಸಲಾಗದು. ಕಾಡಿಗೆ ತೀಡಿದ ಗೌರಿಯ ಕಣ್ಣು ಅವನನ್ನು ನೋಡುತ್ತಿಲ್ಲ, ಅವನ ಹೆಗಲ ಮೇಲಿಂದ ಹಿಂದಕ್ಕೆ ನೋಡುತ್ತಿದೆ, ಬಹಳ ದಿನದ ಮೇಲೆ ಬಂದು ಕುಳಿತವಳನ್ನು ನೋಡುವ ಹಾಗೆ. ಉಂಗುರ. ಉಸಿರು. ಗುಂಡಿ.

ಕಿವಿ ಬಂತು. ಓಲೆಯ ಕೊರೆತ, ಅದರೊಳಗೆ ಸಿಕ್ಕಿದ ಹಳೆಯ ಕುಂಕುಮದ ಕಣ, ಎಲ್ಲವೂ ಬಂತು, ಸಿದ್ದರಾಮಪ್ಪ ಇನ್ನು ಹೊಗೆ ಎನ್ನಲಾರ. ಮುಗೀತು ನೋಡು, ಏಳಿನ್ನ, ಎಂದ ಕಾಶಿನಾಥ, ತೆರೆಯತ್ತ ಮುಖ ಮಾಡಿಯೇ ಎಂದ. ಬೆತ್ತದ ಕುರ್ಚಿ ಕಿರುಗುಟ್ಟಲಿಲ್ಲ, ಕಿವಿಗೆ ಬಿದ್ದಿರಲಿಕ್ಕಿಲ್ಲ, ನಿದ್ದೆ ಹತ್ತಿರಬೇಕು — ನಿದ್ದೆಯಲ್ಲೂ ಉಸಿರಿರುತ್ತದೆ, ಗೆರೆ ಇರುತ್ತದೆ. ಕೆಳಗೆ ಮೇಸ್ತ್ರಿ, ಚಲೋ ಚಲೋ, ಮಶೀನ್ ಚಾಲೂ ಕರೋ, ಬಂಡೆಗೆ ಯಂತ್ರ ಬಿತ್ತು, ಮೇಜು ನಡುಗಿತು, ಗೌರಿ ನಡುಗಿದಳು, ಕೆನ್ನೆಯೊಳಗಿನ ಹೆಂಗಸೂ ನಡುಗಿದಳು, ಅಲುಗಾಡಿದಳು ಎಂದುಕೊಂಡ, ಆದರೆ ಕಿಟಕಿಯೂ ನಡುಗಿತ್ತು, ಕುರ್ಚಿಯೂ ನಡುಗಿತ್ತು, ಎಲ್ಲಕ್ಕೂ ಸಮನಾದದ್ದನ್ನು ಎರಡೂ ಕಡೆಯಿಂದ ಕಳೆಯಬೇಕು, ಕಳೆದರೆ ಉಳಿಯುವುದು — ಎಬ್ಬಸೂದು ನಿಮ್ಮ ಕಡಿಂದ. ಎಬ್ಬಿಸಬೇಕಾದರೆ ತಿರುಗಬೇಕು, ನಾಲ್ಕು ಹೆಜ್ಜೆ ಇಡಬೇಕು, ಎರಡೂ ಕೈ ಹಚ್ಚಿ ಹೆಗಲನ್ನು ತುಸು ಕದಲಿಸಬೇಕು, ಪ್ರತಿ ವರ್ಷ ಕದಲಿಸಿದ ಕೈಗಳೇ, ಕದಲಿಸುವವರೆಗೆ ಇದ್ದಾಳೆ. ಅವನ ಕೈ ಮೇಲೇಳಲಿಲ್ಲ. ಕಂಪ್ಯೂಟರು ತನ್ನ ಪಾಡಿಗೆ ಹೋಳುಗಳನ್ನು ಕೂಡಿಸತೊಡಗಿತ್ತು, ಮೂಗು, ಹೊರಳೆ, ತುಟಿ, ಕೆನ್ನೆ, ಕಣ್ಣು, ಕಿವಿ, ಮುಂದಿನದೂ ಹಿಂದಿನದೂ ಒಟ್ಟಿಗೆ, ಎಲ್ಲಿಯೂ ಎರಡಾಗಿಲ್ಲ, ಎಲ್ಲಿಯೂ ಮಸುಕಿಲ್ಲ, ಅವನು ತೆಗೆದ ಚಿತ್ರಗಳಲ್ಲಿ ತಪ್ಪಿಲ್ಲದ್ದು ಇದೊಂದೇ, ಇಬ್ಬರೂ ಜೋಡಿಯಾಗಿ ಕುಳಿತಿದ್ದಾರೆ, ದೊಡ್ಡವಳು ಹೊರಗೆ, ಚಿಕ್ಕವಳು ಅವಳ ಕೆನ್ನೆಯ ಟೊಳ್ಳಿನೊಳಗೆ, ಚಿಕ್ಕವಳ ಮೂಗಿನಲ್ಲಿ ಒಂದು ಚುಕ್ಕೆ, ಉದ್ದವಿಲ್ಲ, ಅಗಲವಿಲ್ಲ, ಗೆರೆಯಲ್ಲ, ಚುಕ್ಕೆ