ಕೋಟು ಬಿಚ್ಚದ ಸೇನಾಪತಿ

ಹಲ್ಲಪ್ಪ ನಮ್ಮ ಮನೆಗೆ ಮೊದಲ ಹತ್ತೊಂಬತ್ತು ವರ್ಷ ಒಂದು ಭಾನುವಾರವೂ ತಪ್ಪದೆ ಬಂದ. ಒಂದು ದಿನವೂ ಕೋಟು ಬಿಚ್ಚಲಿಲ್ಲ. ಬೂದಿ ಬಣ್ಣದ್ದು, ಮೊಣಕೈ ಹತ್ತಿರ ಸವೆದು ನುಣುಪಾದದ್ದು, ತೋಳಿನ ಅಂಚಿಗೆ ಸದಾ ಬಿಳಿ ಪ್ಲಾಸ್ಟರು ಮೆತ್ತಿಕೊಂಡದ್ದು. ಬೇಸಿಗೆಯ ನಡುಮಧ್ಯಾಹ್ನ ಕಿವಿಯ ಹಿಂದಿನಿಂದ ಬೆವರು ಇಳಿಯುತ್ತಿದ್ದರೂ ಅದು ಮೈಮೇಲೆಯೇ. "ಕೊಡಿ, ಗೂಟಕ್ಕೆ ಹಾಕ್ತೀನಿ" ಅಂದರೆ ಎರಡೂ ಕೈಯಿಂದ ಜೇಬು ಮುಚ್ಚಿಕೊಂಡು, "ಬೇಡ ಅತ್ತಿಗೆ, ಒಳಗೆ ಸೈನ್ಯ ಇದೆ" ಅನ್ನುತ್ತಿದ್ದ.

ಸೈನ್ಯ ಇದ್ದದ್ದು ನಿಜ. ಹಲ್ಲಿನ ಡಾಕ್ಟರರಿಗೆ ಕೃತಕ ಹಲ್ಲಿನ ಸೆಟ್ಟು ಮಾಡಿಕೊಡುವುದು ಅವನ ಕಸುಬು, ಹಲ್ಲಪ್ಪ ಅನ್ನುವುದು ನಾನಿಟ್ಟ ಹೆಸರು. ಊರ ಮುದುಕರ ದವಡೆಗೆ ಅಚ್ಚು ತೆಗೆಯುವ ಅದೇ ಪ್ಲಾಸ್ಟರಿನಲ್ಲಿ ಅಚ್ಚು ಮಾಡಿ, ಸೀಸ ಕರಗಿಸಿ ಹೊಯ್ದು, ಕಿರುಬೆರಳಿನ ಅರ್ಧದಷ್ಟಿರುವ ಸಿಪಾಯಿಗಳನ್ನು ಎರಕ ತೆಗೆಯುತ್ತಿದ್ದ. ಆಮೇಲೆ ಒಂದೆಳೆ ಕೂದಲಿನಂಥ ಕುಂಚದಲ್ಲಿ ಬಣ್ಣ, ಒಣಗಿದ ಮೇಲೆ ಹತ್ತಿಯಲ್ಲಿ ಸುತ್ತಿ ಕೋಟಿನ ಜೇಬಿಗೆ. ಇನ್ನೂರು ವರ್ಷದ ಹಿಂದೆ ಎಲ್ಲೋ ಎರಡು ರಾಜ್ಯದವರು ಒಂದು ಸೇತುವೆಗಾಗಿ ಕಾದಾಡಿದ್ದರಂತೆ. ಆ ಯುದ್ಧದ ಒಬ್ಬೊಬ್ಬ ಸಿಪಾಯಿಯ ಅಂಗಿಗೆ ಎಷ್ಟು ಗುಂಡಿ ಅನ್ನುವುದೂ ಅವನಿಗೆ ಬಾಯಿಪಾಠ. ಎದುರಿಗೆ ಅವನಿಗೆ ನಾನು ಬಹುವಚನವನ್ನೇ ಕೊಟ್ಟೆ. ಬರೆಯಲು ಕೂತರೆ ಮನಸ್ಸಿನಲ್ಲಿದ್ದ ಏಕವಚನವೇ ಬರುತ್ತಿದೆ. ಬರಲಿ.

ಅವನ ನಡಿಗೆಯೂ ವಿಚಿತ್ರ, ಪ್ರತಿ ಹೆಜ್ಜೆಗೂ ನೆಲ ಅಳೆಯುವವನ ಹಾಗೆ. ಮಾತೂ ಅಷ್ಟೇ. "ಬಿಸಿಲು ಜಾಸ್ತಿ, ಅಲ್ವಾ?" ಅಂತ ಕೇಳಿ, ನಾವು ಬಾಯಿ ತೆರೆಯುವ ಮೊದಲೇ "ಹೌದು" ಅಂತ ತಾನೇ ಹೇಳಿ ಮುಗಿಸುವವನು.

ನಮ್ಮ ಯಜಮಾನರು ಭೂಮಾಪನ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದರು. ರಟ್ಟಿನಲ್ಲಿ ದಿಣ್ಣೆ, ನದಿ, ಸೇತುವೆ ಎಲ್ಲ ಮಾಡಿ ಊಟದ ಮೇಜಿನ ಮೇಲೆ ಹರಡಿದವರು ಅವರೇ. ಕಾಲಾಳು ಒಂದು ಸರದಿಗೆ ಆರು ಇಂಚು, ಕುದುರೆ ಹನ್ನೆರಡು. ಆಮೇಲೆ ದಾಳ ಉರುಳಿಸಿ ಸತ್ತವರೆಷ್ಟು, ಉಳಿದವರೆಷ್ಟು ಅಂತ ತೀರ್ಮಾನ. ಅಳೆಯಲು ನನ್ನ ಹೊಲಿಗೆಯ ಟೇಪೇ ಬೇಕು. ಎಳೆದೆಳೆದು ಅದರಲ್ಲಿ ಹನ್ನೆರಡರವರೆಗಿನ ಅಂಕಿಯೇ ಅಳಿಸಿಹೋಗಿ, ನಾನು ಹೆಂಗಸರ ರವಿಕೆಗೆ ಹದಿಮೂರರಿಂದ ಎಣಿಸಿ ಕಳೆಯಬೇಕಾಗಿತ್ತು. ಒಂದು ಕಾಳಗ ಮುಗಿಯಲು ನಾಲ್ಕೈದು ಭಾನುವಾರ ಹಿಡಿಯುತ್ತಿತ್ತು. ಅಲ್ಲಿಯವರೆಗೆ ಮೇಜಿಗೆ ಬಿಳಿ ಹಾಸು ಹೊದಿಸಿ, ಗಂಡಹೆಂಡತಿ ನೆಲದಲ್ಲಿ ಕೂತು ಉಣ್ಣುತ್ತಿದ್ದೆವು.

ನೆಲದಲ್ಲಿ ಉಣ್ಣುವುದಕ್ಕೆ ನನಗೆ ಸಂಕಟವಿರಲಿಲ್ಲ. ನಾನು ಹೊಸ ಸೀರೆ ಉಟ್ಟು ಎದುರಿಗೆ ನಾಲ್ಕು ಸಲ ಓಡಾಡಿದರೂ ಕಾಣದ ಮನುಷ್ಯನಿಗೆ ಸೀಸದ ಕುದುರೆ ಅರ್ಧ ಬೆರಳು ಓರೆಯಾಗಿ ನಿಂತರೆ ಕಾಣುತ್ತಿತ್ತು. ವಾರವೆಲ್ಲ "ಹೂಂ", "ಊಹೂಂ" ಎರಡರಲ್ಲೇ ಸಂಸಾರ ಮಾಡುತ್ತಿದ್ದವರು ಭಾನುವಾರ ಹಲ್ಲಪ್ಪನ ಹೆಜ್ಜೆ ಕೇಳಿದೊಡನೆ ಕೂಸಿನ ಹಾಗೆ ಬಾಯಿ ಬಿಡುತ್ತಿದ್ದರು. ಇತಿಹಾಸದಲ್ಲಿ ಸೋತ ನೀಲಿ ಸೈನ್ಯ ಯಾವಾಗಲೂ ಇವರದ್ದು, ಗೆದ್ದ ಕೆಂಪು ಹಲ್ಲಪ್ಪನದ್ದು. "ಈ ಸಲ ನಿನ್ನ ಹಲ್ಲು ಉದುರಿಸ್ತೀನಿ ಮಾರಾಯ!" "ಉದುರಿಸು, ಬೇರೆ ಕಟ್ಟಿಕೊಳ್ತೀನಿ!" ಆ ನಗು ಅಡುಗೆಮನೆಗೆ ಬರುವಷ್ಟರಲ್ಲಿ ನನಗೆ ಬೆಂಕಿಯಾಗಿರುತ್ತಿತ್ತು.

ಒಂದು ಬುಧವಾರ, ಹಸಿರು ರವಿಕೆಯೊಂದಕ್ಕೆ ಕೊಕ್ಕೆ ಹೊಲಿಯುತ್ತಿದ್ದವಳು ಎದ್ದೆ. ಹಾಸು ಎತ್ತಿದೆ. ಹಲ್ಲಪ್ಪನ ಕುದುರೆಸವಾರರನ್ನು ದಿಣ್ಣೆಯ ಮರೆಯಿಂದ ಸೇತುವೆಯ ಕಡೆಗೆ ನಾಲ್ಕು ಇಂಚು ಸರಿಸಿದೆ. ಅಳೆದೇ ಸರಿಸಿದೆ. ಇವರು ಗೆಳೆಯನನ್ನು ಕಳ್ಳ ಅನ್ನಲಿ, ಅವನ ಕಾಲು ಈ ಹೊಸ್ತಿಲಿಗೆ ತಪ್ಪಲಿ, ನನ್ನ ಭಾನುವಾರ ನನಗೆ ಸಿಗಲಿ. ಅಷ್ಟೇ ನನ್ನ ಲೆಕ್ಕಾಚಾರ. ಅಷ್ಟು ವರ್ಷಗಳಲ್ಲಿ ಮೊದಲ ಸಲ ಇವರೇ ಗೆಲ್ಲುವ ಹಂತದಲ್ಲಿದ್ದರು ಅನ್ನುವುದು ನನಗೆಲ್ಲಿ ಗೊತ್ತು?

ಭಾನುವಾರ ಹಾಸು ತೆಗೆದವರೇ ಇವರು ಟೇಪು ಹಿಡಿದರು. "ಇವು ಇಲ್ಲಿರಲಿಲ್ಲ."

ಹಲ್ಲಪ್ಪ ಬಗ್ಗಿ ನೋಡಿದ. ಒಂದು ಕುದುರೆಯ ಗೊರಸಿಗೆ ಹಸಿರು ದಾರದ ತುಣುಕು ಸಿಕ್ಕಿಕೊಂಡಿತ್ತು. ಅದನ್ನು ಉಗುರಿನಲ್ಲಿ ಬಿಡಿಸಿ ಜೇಬಿಗೆ ಹಾಕಿಕೊಂಡು, ಅಡುಗೆಮನೆ ಬಾಗಿಲಲ್ಲಿ ನಿಂತ ನನ್ನನ್ನು ಒಂದು ಕ್ಷಣ ನೋಡಿದ.

"ನಾನೇ ಸರಿಸಿದೆ ಕಣೋ. ಹೋದ ವಾರ, ನೀನು ನನ್ನ ಕೋಟು ತರೋಕೆ ಒಳಗೆ ಹೋಗಿದ್ದಾಗ" ಅಂದ ಇವರಿಗೆ.

ಎಂದಿನ ಹಾಗೆ "ಅಲ್ವಾ? ಹೌದು" ಅಂತ ಸೇರಿಸಲಿಲ್ಲ. ಇವರು ಟೇಪು ಸುತ್ತಿಟ್ಟು, "ಹಾಗಾದ್ರೆ ಹೊರಡು" ಅಂದರು.

ನನ್ನ ಭಾನುವಾರ ನನಗೆ ಸಿಕ್ಕಿತು. ಏಳು ಭಾನುವಾರ. ನಾನು ರೇಷ್ಮೆ ಉಟ್ಟೆ, ಸಿಹಿ ಮಾಡಿದೆ, ಮಾತಿಗೆಳೆದೆ. ಇವರು ಹೊದಿಸಿದ ಮೇಜಿನೆದುರು ಕೂತು ಕಿಟಕಿ ನೋಡಿದರು. ಅವನಿದ್ದಾಗ ಪಕ್ಕದ ಕೋಣೆಯಿಂದಾದರೂ ಗಂಡನ ನಗು ಕೇಳುತ್ತಿತ್ತಲ್ಲ, ಈಗ ಅದೂ ಇಲ್ಲ. ಎಂಟನೆಯದು ಬರುವ ಮುಂಚೆ ತಡೆಯಲಾರದೆ ಹೇಳಿಬಿಟ್ಟೆ: "ಕುದುರೆ ಸರಿಸಿದ್ದು ನಾನು."

"ಗೊತ್ತು" ಅಂದರು, ತಿರುಗಿ ನೋಡದೆ. "ಅವನು ಕೋಟು ಬಿಚ್ಚಿದ್ದು ಯಾವತ್ತು, ನಾನು ತರೋಕೆ?"

"ಗೊತ್ತಿದ್ದೂ ಕಳಿಸಿಬಿಟ್ರಾ?"

"ನಿನ್ನ ಮಾನ ಉಳಿಸೋಕೆ ಅಂತ ಅವನು ಕಳ್ಳ ಅನ್ನಿಸಿಕೊಂಡ. ಆ ಸುಳ್ಳನ್ನ ನಾನು ಹೇಗೆ ಮುರೀಲಿ? ಮುರಿಯೋದು ನಿನ್ನ ಕೈಯಲ್ಲಿತ್ತು. ಇಬ್ಬರೂ ಕಾಯ್ತಾ ಇದ್ವಿ."

ಇಬ್ಬರೂ! ಒಂದು ಮಾತೂ ಆಡಿಕೊಳ್ಳದೆ, ಎರಡು ಬೇರೆ ಬೇರೆ ಮನೆಗಳಲ್ಲಿ ಕೂತು, ಇಬ್ಬರೂ ನನಗಾಗಿ ಕಾಯುತ್ತಿದ್ದರಂತೆ. ನಾಚಿಕೆಗಿಂತ ಮೊದಲು ನನ್ನ ಹೊಟ್ಟೆಯೇ ಉರಿಯಿತು ಅಂದರೆ ನೀವು ನಗಬಹುದು. ಅವನ ಕೆಲಸದ ಕೋಣೆಗೆ ನಾನೇ ಹೋದೆ. ಸಾಲು ಸಾಲು ದವಡೆಗಳ ನಡುವೆ ಕೂತಿದ್ದವನು ನನ್ನ ಮಾತು ಮುಗಿಯಲೂ ಬಿಡದೆ, "ಭಾನುವಾರ ಬರ್ತೀನಿ ಅತ್ತಿಗೆ" ಅಂದ. ಕುದುರೆಗಳನ್ನು ನಾಲ್ಕು ಇಂಚು ಹಿಂದಕ್ಕಿಟ್ಟು ಆಟ ಮುಂದುವರಿಯಿತು. ದಾಳ ಕೈಕೊಟ್ಟು ನೀಲಿಯವರು ಮತ್ತೆ ಸೋತರು. ಸೋತದ್ದಕ್ಕೆ ಇವರು ನಕ್ಕ ನಗು, ನಲವತ್ತೊಂದು ವರ್ಷದ ಸಂಸಾರದಲ್ಲಿ ಅಂಥದ್ದನ್ನು ನಾನು ಒಂದು ಸಲವೂ ನಗಿಸಿದ್ದಿಲ್ಲ.

ಇವರು ಹೋಗಿ ಮೂರು ವರ್ಷವಾಯಿತು. ಹಲ್ಲಪ್ಪ ಈಗಲೂ ಭಾನುವಾರ ಬರುತ್ತಾನೆ, ಅದೇ ಕೋಟು. ನೀಲಿ ಸೈನ್ಯ ನನ್ನದು. ನಾನು ಟೇಪು ಹಿಡಿದು ಯೋಚಿಸುತ್ತಿದ್ದರೆ, "ಅವನಾಗಿದ್ರೆ ಈಗ ಎಡಗಡೆ ದಿಣ್ಣೆ ಹತ್ತುತ್ತಿದ್ದ, ಅಲ್ವಾ? ಹೌದು" ಅನ್ನುತ್ತಾನೆ. ಹತ್ತುತ್ತಿದ್ದರೋ ಏನೋ, ನನಗೆ ಗೊತ್ತಿಲ್ಲ, ಅವನಿಗೆ ಗೊತ್ತು. ಹಳೆಯ ಉರಿ ಏಳುತ್ತದೆ. ಬೇಕೆಂದೇ ಬಲಗಡೆ ನಡೆಸುತ್ತೇನೆ, ನದಿಗೆ ಬೀಳುತ್ತೇನೆ, ಸೋಲುತ್ತೇನೆ.

ಇಂಥವರು ಬಹಳ ಮನೆಗಳಲ್ಲಿ ಒಬ್ಬೊಬ್ಬರು ಇದ್ದೇ ಇರುತ್ತಾರೆ ಅಂತ ಕಾಣುತ್ತದೆ. ಏನನ್ನೂ ಕದ್ದವರಲ್ಲ, ಏನನ್ನೂ ಕೇಳಿದವರಲ್ಲ. ಆದರೆ ನಮ್ಮವರಲ್ಲಿ ನಮಗೆ ದಕ್ಕದೆ ಹೋದ ಪಾಲು ಅವರ ಜೇಬಿನಲ್ಲಿ ಹತ್ತಿಯ ನಡುವೆ ಭದ್ರವಾಗಿರುತ್ತದೆ. ಹೊಟ್ಟೆ ಎಷ್ಟೇ ಉರಿದರೂ ಭಾನುವಾರ ಬಾಗಿಲು ತೆರೆಯಲೇಬೇಕು. ಆ ಪಾಲನ್ನು ಕಣ್ಣಿನಿಂದಾದರೂ ನೋಡಲು ಬೇರೆ ದಾರಿಯಿಲ್ಲ.