ನೆರಳಿನ ಮೆಂತ್ಯ

"ಇದು ಯಾರ ಕೈಯಾಗ ಒಣಗಿದ್ದು?" ಅನಸವ್ವ ಒಂದು ಚಿಟಿಕೆ ಮೆಂತ್ಯದ ಸೊಪ್ಪನ್ನು ಅಂಗೈಯಲ್ಲಿ ತಿಕ್ಕಿ ಮೂಗಿಗೆ ಹಿಡಿದಳು.

"ನಂದ್ರೀ ಅತ್ತಿ. ಇನ್ನ ಒಂದಿನ ಒಣಗಬೇಕು," ಎಂದಳು ಕಿರಿಸೊಸೆ ಮಂಗಲಾ.

"ನಾಳಿ ಮುಧೋಳದ ಬೀಗರು ಬರ್ತಾರ. ಕಡ್ಲಿಹಿಟ್ಟಿನ ಝುಣಕಾಕ್ಕ ಇದನ್ನ ಹಾಕ್ರಿ."

ಒಲೆಯ ಮುಂದಿದ್ದ ಹಿರಿಸೊಸೆ ಬೋರವ್ವ ಉರಿಯುತ್ತಿದ್ದ ಕಟ್ಟಿಗೆಯನ್ನು ಇನ್ನಷ್ಟು ಒಳಕ್ಕೆ ನೂಕಿದಳು. ಬನಹಟ್ಟಿಯ ಈ ನೇಕಾರರ ಮನೆಗೆ ಹದಿನೆಂಟು ವರ್ಷದಿಂದ ಹಿತ್ತಲ ಮೆಂತ್ಯ ಒಣಗಿಸಿ ಬರಣಿ ತುಂಬಿದವಳು ಅವಳು. ಬೀಗರು ಬಂದರೆ ಅವಳ ಬರಣಿಯೇ ಕೆಳಗಿಳಿಯಬೇಕು. ಅತ್ತೆಯಿಂದ ಸಿಕ್ಕ ಮರ್ಯಾದೆ ಎಂದರೆ ಅದೊಂದೇ. ನಿನ್ನೆ ಮೊನ್ನೆ ಬಂದವಳು ಅದಕ್ಕೂ ಕೈ ಹಾಕಿದಳಲ್ಲ!

ಮಧ್ಯಾಹ್ನ ಮಂಗಲಾ ನೂಲು ತರಲು ರಬಕವಿಗೆ ಹೋದಳು. ಅತ್ತೆ ಅಡ್ಡಾಗಿದ್ದಳು. ಮಗ್ಗದ ಕೋಣೆಯ ನೆರಳಲ್ಲಿ, ಹಳೆಯ ಇಳಕಲ್ ಸೀರೆಯ ಮೇಲೆ ಮಂಗಲಾಳ ಸೊಪ್ಪು ಹರಡಿತ್ತು. ಮೆಂತ್ಯ ಬಿಸಿಲು ಕಂಡರೆ ಕೆಟ್ಟಿತು, ಬಣ್ಣವೂ ಹೋಯಿತು, ವಾಸನೆಯೂ ಹೋಯಿತು. ಅದನ್ನು ನೆಗೆಣ್ಣಿ ಮಂಗಲಾಳಿಗೆ ಹೇಳಿಕೊಟ್ಟವಳೇ ಬೋರವ್ವ. ಅವಳೇ ಈಗ ಸೀರೆಯ ಸೆರಗು ಹಿಡಿದು ಬಾಗಿಲ ಬಿಸಿಲಿಗೆ ದರದರ ಎಳೆದಳು. ಪವರ್‌ಲೂಮಿನ ಸದ್ದಿನಲ್ಲಿ ಬೆನ್ನು ತಿರುಗಿಸಿ ನಿಂತಿದ್ದ ಗಂಡನಿಗೆ ಏನೂ ಕೇಳಲಿಲ್ಲ.

ಇಳಿಹೊತ್ತಿಗೆ ನೋಡಿದರೆ ಸೊಪ್ಪೆಲ್ಲ ಒಣಹುಲ್ಲಿನಂತೆ ಹಳದಿ. ಆಗ ಅವಳಿಗೆ ಹೊಳೆಯಿತು. ಮನೆಯಲ್ಲಿ ಎಚ್ಚರವಿದ್ದ ಹೆಂಗಸು ತಾನೊಬ್ಬಳೇ, ಅತ್ತೆ ಕೇಳಿದರೆ ಯಾರ ಹೆಸರು ಹೇಳುವುದು? ಅದನ್ನೆಲ್ಲ ತಿಪ್ಪೆಗೆ ಸುರಿದಳು. ತನ್ನ ಬರಣಿಯ ಹಸಿರು ಸೊಪ್ಪನ್ನು ತಂದು ಅದೇ ಸೀರೆಯ ಮೇಲೆ ಹರಡಿ ನೆರಳಿಗೆ ಸರಿಸಿದಳು. ಮಂಗಲಾ ಬಂದವಳೇ ಹಾಡು ಗುನುಗುತ್ತ ಅದನ್ನು ತನ್ನ ಬರಣಿಗೆ ತುಂಬಿದಳು.

ಮರುದಿನ ಬೀಗರು ಝುಣಕಾವನ್ನು ಮತ್ತೆ ಮತ್ತೆ ಕೇಳಿ ಹಾಕಿಸಿಕೊಂಡರು. ಅನಸವ್ವ ಹಿಗ್ಗಿ ಹೀರೇಕಾಯಿಯಾದಳು.

"ನಮ್ಮ ಮಂಗಲಾನ ಕೈಗುಣಾ ರೀ. ಏ ಬೋರವ್ವಾ, ನೀನೂ ಈಕಿ ಹತ್ರ ಕಲಿ ಬೇ."

"ಅಕ್ಕಾನ ಕಲಿಸ್ಯಾಳ್ರೀ ನನಗ," ಎಂದಳು ಮಂಗಲಾ, ನಾಚುತ್ತ.

'ಅದು ನಂದು' ಎಂಬ ಮಾತು ಬೋರವ್ವನ ನಾಲಿಗೆಯ ತುದಿಗೇ ಬಂದಿತ್ತು. ಅದನ್ನು ಆಡಿದರೆ ಉಳಿದದ್ದನ್ನೂ ಆಡಬೇಕು.

"ಹೂಂ ರೀ ಅತ್ತಿ, ಕಲೀತೀನಿ," ಎಂದು ಬೀಗರ ತಾಟಿಗೆ ಇನ್ನೊಂದು ಸೌಟು ಹಾಕಿದಳು.

ಊಟವಾದ ಮೇಲೆ ತಾಟು ತೊಳೆದ ನೀರನ್ನು ಒಯ್ದು ತಿಪ್ಪೆಗೆ ಚೆಲ್ಲಿದಳು. ನಿನ್ನೆಯ ಹಳದಿ ಸೊಪ್ಪು ತೊಯ್ದಿತು. ಬಿಸಿಲಲ್ಲಿ ಹೋಯಿತೆಂದುಕೊಂಡಿದ್ದ ಮೆಂತ್ಯದ ವಾಸನೆ ಘಮ್ಮೆಂದು ಎದ್ದು ಹಿತ್ತಲನ್ನು ತುಂಬಿತು. ಬೋರವ್ವ ಖಾಲಿ ಬಕೆಟ್ಟು ಹಿಡಿದುಕೊಂಡು ಅಲ್ಲೇ ನಿಂತಳು.