ಬಡಗಿಯಜ್ಜನ ಕಿವಿಯೊಳಗಿನ ಜಗಳ

ಬಡಗಿಯಜ್ಜನ ಕಿವಿಯೊಳಗೆ ಹೆಂಗಸರು ಜಗಳವಾಡಲು ಶುರುಮಾಡಿ ಎರಡು ವಾರ ಕಳೆದಿತ್ತು. ಒಬ್ಬಳು ಅಳುತ್ತಿದ್ದಳು, ಇನ್ನೊಬ್ಬಳು ಬೈಯುತ್ತಿದ್ದಳು, ನಡುನಡುವೆ ಯಾವನೋ ಗಂಡಸು ಗಂಟಲು ಸರಿಮಾಡಿಕೊಂಡು ಇಬ್ಬರಿಗೂ ಬುದ್ಧಿ ಹೇಳುತ್ತಿದ್ದ. ಅಜ್ಜ ತಲೆಯೆತ್ತಿ ನೋಡಿದರೆ ಕೆಲಸದ ಕೋಣೆಯಲ್ಲಿ ಏನಿತ್ತು? ಒರಗಿಸಿಟ್ಟ ಹಲಗೆಗಳು, ಮೊಣಕಾಲಿನವರೆಗೆ ಮರದ ಹೊಟ್ಟು, ಗೋಡೆಯ ಮೇಲೆ ಉಳಿಗಳ ಸಾಲು, ನಡುವೆ ಅವನ ಪ್ರಾಣದಂತಿದ್ದ ಮಿಷಿನ್ ಗರಗಸ. ಹೆಂಗಸರ ಸುಳಿವೇ ಇಲ್ಲ!

ಮೊದಲ ದಿನ ಅಜ್ಜ ನಕ್ಕು ಸುಮ್ಮನಾದ. ಎರಡನೆಯ ದಿನ ಕಿವಿಯೊಳಕ್ಕೆ ಕಿರುಬೆರಳು ಹಾಕಿ ಕೆರೆದುಕೊಂಡ. ಆಮೇಲೆ ಹೆದರಿಕೆ ಹುಟ್ಟಿತು. ಅವನು ಚಿಕ್ಕವನಿದ್ದಾಗ ದೊಡ್ಡಪ್ಪನೊಬ್ಬ ಗೋಡೆಯ ಜತೆ ಮಾತಾಡುತ್ತಿದ್ದ. ಅವನನ್ನು ಹಿಂದಿನ ಕೋಣೆಯಲ್ಲಿ ಕೂಡಿಹಾಕಿ, ಊಟದ ತಟ್ಟೆಯನ್ನು ಬಾಗಿಲ ಸಂದಿಯಿಂದ ತಳ್ಳುತ್ತಿದ್ದರು. ಆ ತಟ್ಟೆ ನೆಲಕ್ಕೆ ಉಜ್ಜುವ ಸದ್ದು ಅಜ್ಜನಿಗೆ ಇನ್ನೂ ನೆನಪಿತ್ತು. ಹಾಗಾಗಿ ಹೆಂಗಸರ ವಿಷಯ ಯಾರ ಹತ್ತಿರವೂ ಬಾಯಿಬಿಡಬಾರದೆಂದು ಗಟ್ಟಿಯಾಗಿ ತೀರ್ಮಾನಿಸಿದ.

ಆ ತೀರ್ಮಾನ ಎಷ್ಟು ದಿನ ಬಾಳಿತು? ಒಂದು ಹಾಲಿನ ಲೋಟ ಬರುವವರೆಗೆ.

ರಜೆಯ ದಿನ ಮಗ ಅಪರೂಪಕ್ಕೆ ಪ್ರೀತಿ ಉಕ್ಕಿ, ತಾನೇ ಹಾಲು ಕಾಯಿಸಿ ಕೋಣೆಗೆ ತಂದುಕೊಟ್ಟ. ಅಜ್ಜ ಲೋಟವನ್ನು ತುಟಿಗೆ ಮುಟ್ಟಿಸಿದನೋ ಇಲ್ಲವೋ, ಕಿವಿಯೊಳಗೆ ಹೆಂಗಸೊಬ್ಬಳು ಕಿಟಾರನೆ ಕಿರುಚಿದಳು. "ಅಯ್ಯೋ! ಕುಡೀಬೇಡಿ! ಆ ಹಾಲಿಗೆ ವಿಷ ಹಾಕಿದಾನೆ ನಿಮ್ಮ ಮಗ!"

ಲೋಟ ಗೋಡೆಗೆ ಬಡಿದು, ಉಳಿಗಳ ಮೇಲೆಲ್ಲ ಹಾಲು ಸುರಿಯಿತು.

"ಏನಪ್ಪಾ ಇದು!" ಎಂದ ಮಗ.

"ವಿಷ ಅಂದ್ಲು ಕಣೋ."

"ಯಾರು?"

"ಅವಳು."

"ಯಾವಳು?"

ಅಜ್ಜ ಮೆಲ್ಲಗೆ ಬೆರಳೆತ್ತಿ ತನ್ನ ಕಿವಿ ತೋರಿಸಿದ. ಅಲ್ಲಿಗೆ ಕೆಲಸ ಕೆಟ್ಟಿತು.

ಮಗ ಕೆಟ್ಟವನೇನಲ್ಲ, ಸ್ವಲ್ಪ ಗಾಬರಿಯ ಮನುಷ್ಯ ಅಷ್ಟೆ. ವಿಮಾ ಕಚೇರಿಯಲ್ಲಿ ಕೂತು ದಿನವಿಡೀ ಬೇರೆಯವರ ಅಪಘಾತಗಳನ್ನು ಓದಿ ಓದಿ, ಎಲ್ಲಿ ನೋಡಿದರೂ ಅಪಘಾತವೇ ಕಾಣುವ ಸ್ಥಿತಿ ತಲುಪಿದ್ದ. ಮೊದಲು, ಕಿವಿ ಮಂದವಾಗಿದ್ದ ಅಪ್ಪನಿಗೆ ಇತ್ತೀಚೆಗಷ್ಟೇ ಕೊಡಿಸಿದ್ದ ಕಿವಿ ಮಿಷಿನ್ನುಗಳನ್ನು, ಕೊಂಡ ಅಂಗಡಿಗೇ ಒಯ್ದ. ಹೊಸ ನಮೂನೆಯವು, ಎರಡು ಕಿವಿಗೂ ಒಂದೊಂದು, ಕಿವಿಯ ಹಿಂದೆ ಹುರುಳಿಕಾಳಿನಷ್ಟು ಗುಂಡಿ ಬೇರೆ. ಅಂಗಡಿಯವನು ತಿರುಗಿಸಿ ಮುರುಗಿಸಿ ನೋಡಿ, ಮಿಷಿನ್ ಚೆನ್ನಾಗಿದೆ ಎಂದ. ಮಿಷಿನ್ ಚೆನ್ನಾಗಿದೆ ಎಂದಮೇಲೆ ಇನ್ನೇನು ಕೆಟ್ಟಿದೆ? ಅದನ್ನು ಬಾಯಿಬಿಟ್ಟು ಹೇಳುವ ಅಗತ್ಯ ಯಾರಿಗೂ ಕಾಣಲಿಲ್ಲ.

"ಮೇಲ್ಮನೆ ಟೀಚರಮ್ಮನ ಟಿ.ವಿ. ಇರ್ಬೇಕು ಕಣೋ," ಎಂದು ಅಜ್ಜ ಕೊನೆಯ ಪಟ್ಟು ಹಾಕಿದ. ಕೋಣೆಯ ನೆತ್ತಿಯ ಮೇಲೇ ಟೀಚರಮ್ಮನ ಹಜಾರ.

ಮಗ ಮೆಟ್ಟಿಲ ಮೇಲೆ ನಿಂತು ಕಿವಿಗೊಟ್ಟು ಬಂದ. "ಒಂದು ಸೊಳ್ಳೆ ಸದ್ದೂ ಇಲ್ಲ ಅಪ್ಪ. ಆ ಮನೆಯಿಂದ ಟಿ.ವಿ. ಸದ್ದು ಕೇಳಿ ತಿಂಗಳ ಮೇಲಾಯ್ತು. ನೋಡು, ಈ ಗರಗಸದ ಮುಂದೆ ನಿಂತಾಗ ನಿನ್ನ ಕಿವೀಲಿ ಯಾರಾದ್ರೂ ಹಿಂಗೆ ಕಿರುಚಿದ್ರೆ? ಬೆರಳು ಹೋದ್ರೆ ಮತ್ತೆ ಬರಲ್ಲ. ಮುಂದಿನ ವಾರ ತಲೆ ಡಾಕ್ಟ್ರ ಹತ್ರ ಹೋಗೋಣ. ಗರಗಸ ಮಾರೋಣ. ಕೋಣೆಗೆ ಬೀಗ."

ಬೀಗ ಎಂಬ ಮಾತಿಗೆ ಅಜ್ಜನಿಗೆ ದೊಡ್ಡಪ್ಪನ ತಟ್ಟೆ ನೆಲಕ್ಕೆ ಉಜ್ಜಿದ ಸದ್ದು ಕೇಳಿದಂತಾಯಿತು. ಗರಗಸ ಹೋದರೆ ಅವನೂ ಹೋದಂತೆಯೇ. ಆದರೂ ಎದುರು ಮಾತಾಡಲಿಲ್ಲ. ಯಾಕೆಂದರೆ, ಹೇಳಿಬಿಡುತ್ತೇನೆ, ಅವನಿಗೂ ಅನುಮಾನ ಹತ್ತಿತ್ತು. ಮಗ ಹೇಳುವುದು ನಿಜವೇ ಇದ್ದರೆ? ದೊಡ್ಡಪ್ಪನ ರಕ್ತ ತಾನೇ ತನ್ನದೂ?

ಪೀಠೋಪಕರಣದ ಅಂಗಡಿಯವನೊಬ್ಬ ಗರಗಸ ಕೊಳ್ಳಲು ಒಪ್ಪಿ, ವ್ಯಾನ್ ತೆಗೆದುಕೊಂಡು ಬರುತ್ತೇನೆಂದು ಹೇಳಿದ ದಿನ ಬಂದೇಬಂತು. ಬೆಳಿಗ್ಗೆ ಅಜ್ಜ ಪೊರಕೆ ಹಿಡಿದು ಗರಗಸದ ಸುತ್ತ ಗುಡಿಸುತ್ತಿದ್ದ. ಮೇಜಿನ ಕಬ್ಬಿಣಕ್ಕೆ ಎಣ್ಣೆ ಸವರಿ ಒರೆಸಿದ. ಹೆಣ್ಣು ಒಪ್ಪಿಸಿಕೊಡುವ ಅಪ್ಪನ ಮುಖವಾಗಿತ್ತು ಅವನದು.

ಆಗ ಸೊಸೆ ಲ್ಯಾಪ್‌ಟಾಪ್ ಹಿಡಿದು ಒಳಬಂದು, ಮರದ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಕೂತಳು. ಈ ಸೊಸೆ ವಾರಪತ್ರಿಕೆಯೊಂದಕ್ಕೆ ಅಂಕಣ ಬರೆಯುತ್ತಿದ್ದಳು. ಮಾರುಕಟ್ಟೆಗೆ ಯಾವ ಹೊಸ ಫೋನು ಬಂತು, ಫ್ರಿಜ್ಜು ಗುರುಗುಟ್ಟಿದರೆ ಏನು ಮಾಡಬೇಕು, ವೈಫೈ ಮಲಗಿಬಿಟ್ಟರೆ ಹೇಗೆ ಎಬ್ಬಿಸಬೇಕು, ಇಂಥವೇ. ಬರೆದದ್ದನ್ನು ಕಳಿಸುವ ಮುಂಚೆ ಮಾವನಿಗೆ ಓದಿ ಹೇಳುವುದು ಅವಳ ರೂಢಿ. ಮಾವನಿಗೆ ಅರ್ಥವಾದರೆ ಊರಿಗೆಲ್ಲ ಅರ್ಥವಾದಂತೆ. ಮಾವ ಹುಬ್ಬು ಗಂಟಿಕ್ಕಿದರೆ ಆ ಸಾಲು ಹೋಯಿತು.

"ಇವತ್ತು ಬೇಡಮ್ಮ," ಎಂದ ಅಜ್ಜ. "ಹುಚ್ಚನಿಗೆ ಓದಿ ಹೇಳಿ ಏನು ಮಾಡ್ತೀಯ."

"ಹಂಗೆಲ್ಲ ಅನ್ಬೇಡಿ ಮಾವ. ಮಧ್ಯಾಹ್ನದೊಳಗೆ ಕಳಿಸ್ಬೇಕು, ಕೇಳಿ ಸುಮ್ನೆ." ಅವಳ ಕಣ್ಣೂ ಕೆಂಪಾಗಿತ್ತು. ಗರಗಸ ಮಾರಬೇಡಿ ಎಂದು ಗಂಡನ ಹತ್ತಿರ ಜಗಳವಾಡಿ ಸೋತು ಬಂದಿದ್ದಳು. ಆದರೂ ಗಂಟಲು ಗಟ್ಟಿ ಮಾಡಿಕೊಂಡು ಓದಿದಳು. "ಹೊಸ ಟಿ.ವಿ.ಗಳಲ್ಲಿ ಈಗ ಒಂದು ಸೌಕರ್ಯ ಬಂದಿದೆ. ಹೊರಗಿನ ಸದ್ದನ್ನು ಪೂರ್ತಿ ಮುಚ್ಚಿ, ಸಣ್ಣದೊಂದು ರೇಡಿಯೋ ಕೇಂದ್ರದ ಹಾಗೆ ಸದ್ದನ್ನು ಗಾಳಿಯಲ್ಲಿ ಕಳಿಸಬಹುದು. ಹೊಸ ಬಗೆಯ ಕಿವಿ ಮಿಷಿನ್ ಹಾಕಿಕೊಂಡವರಿಗೆ ಅದು ನೇರವಾಗಿ ಕಿವಿಯೊಳಗೇ ಕೇಳುತ್ತದೆ. ಪಕ್ಕದಲ್ಲಿ ಕೂತವರಿಗೆ ಪಿಸುಮಾತೂ ಕೇಳುವುದಿಲ್ಲ. ಆದರೆ ಗುಪ್ತಪದ ಇಡುವುದನ್ನು ಮರೆಯಬೇಡಿ. ಇಲ್ಲದಿದ್ದರೆ ನೆರೆಮನೆಯವರ ಮಿಷಿನ್ನಿಗೂ..."

ಪೊರಕೆ ದೊಪ್ಪೆಂದು ಬಿತ್ತು.

"ಇನ್ನೊಂದ್ಸಲ ಓದು."

ಓದಿದಳು.

"ಗೋಡೆ ದಾಟತ್ತಾ ಅದು?"

"ದಾಟತ್ತೆ ಮಾವ."

"ಸೂರು?"

ಇಬ್ಬರೂ ಕತ್ತೆತ್ತಿ ಸೂರು ನೋಡಿದರು. ಟೀಚರಮ್ಮನ ಹೊಸ ಟಿ.ವಿ. ಬಂದಾಗ ಅದನ್ನು ಕೂರಿಸಲು ಗೋಡೆಗೆ ಹಲಗೆ ಹೊಡೆದುಕೊಟ್ಟವನು ಅಜ್ಜನೇ. ಅವತ್ತಿನಿಂದಲೇ ಆ ಮನೆಯ ಸದ್ದು ನಿಂತಿದ್ದು!

"ಥೂ ನನ್ನ!" ಸೊಸೆ ಹಣೆ ಬಡಿದುಕೊಂಡಳು. "ಕೂತು ಬರ್ದೋಳು ನಾನು, ನಂಗೇ ಹೊಳೀಲಿಲ್ವಲ್ಲ! ಆದ್ರೆ ಮಾವ, ಅದು ತಾನಾಗೇ ಬಂದು ಸೇರ್ಕೊಳಲ್ಲ. ಕಿವಿ ಮಿಷಿನ್ ಗುಂಡೀನ ಒತ್ತಿ ಹಿಡೀಬೇಕು."

"ನಾನು ಆ ಗುಂಡಿ ಮುಟ್ಟೇ ಇಲ್ಲಮ್ಮ. ಮುಟ್ಬೇಡಿ ಅಂತ ಅಂಗಡಿಯವನು ಹೇಳಿದ್ದ, ಮುಟ್ಟಿಲ್ಲ." ಅಜ್ಜನ ಮುಖ ಮತ್ತೆ ಬಾಡಿತು. ಹಗ್ಗ ಕೈಗೆ ಸಿಕ್ಕು ಜಾರಿದಂತಾಯಿತು.

ಸೊಸೆ ಮಾತ್ರ ಬಿಡುವ ಪೈಕಿ ಅಲ್ಲ. "ನನ್ನ ಅಂಕಣದಲ್ಲಿ ವಾರವಾರ ಏನು ಬರೀತೀನಿ ಹೇಳಿ? ಮಿಷಿನ್ ಏನು ಮಾಡ್ತು ಅಂತ ಕೇಳ್ಬೇಡಿ, ಅದಕ್ಕೆ ಮುಂಚೆ ನಿಮ್ಮ ಕೈ ಏನು ಮಾಡ್ತು ಅಂತ ಕೇಳಿ. ಏಳಿ ಮಾವ. ದಿನಾ ಹೆಂಗೆ ಕೆಲಸ ಮಾಡ್ತೀರೋ ಹಂಗೇ ಮಾಡಿ. ನಾನು ನೋಡ್ತೀನಿ."

ಅಜ್ಜ ಒಲ್ಲದ ಮನಸ್ಸಿನಿಂದ ಎದ್ದ. ಹಲಗೆಯೊಂದನ್ನು ಮೇಜಿನ ಮೇಲೆ ಮಲಗಿಸಿದ. ಅಳತೆಪಟ್ಟಿ ಎಳೆದ. ಬಡಗಿಗಳ ಆ ಚಪ್ಪಟೆ ದಪ್ಪ ಪೆನ್ಸಿಲ್ಲಿನಿಂದ ಗೀಟು ಹಾಕಿದ. ಆಮೇಲೆ ಐವತ್ತು ವರ್ಷಗಳಿಂದ ಹೇಗೋ ಹಾಗೆಯೇ, ಕೈ ತಾನಾಗಿಯೇ ಮೇಲೆ ಹೋಗಿ ಪೆನ್ಸಿಲ್ಲನ್ನು ಕಿವಿಯ ಹಿಂದೆ ಸಿಕ್ಕಿಸಿತು. ಸಿಕ್ಕಿಸಿ, ಬೀಳದಿರಲಿ ಎಂದು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿತು.

ಸೊಸೆಯ ಕಣ್ಣು ಅಗಲವಾಯಿತು. "ಮಾವಾ! ಪೆನ್ಸಿಲ್ಲು! ಗುಂಡಿ ಮೇಲೇ ಕೂತಿದೆ!"

"ತಡಿ, ತಡಿ!" ಅಜ್ಜ ಕೈಯೆತ್ತಿ ಅವಳನ್ನು ಸುಮ್ಮನಾಗಿಸಿದ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಅವನ ಮುಖದ ಸುಕ್ಕುಗಳೆಲ್ಲ ಒಂದೊಂದಾಗಿ ಅರಳಿದವು. "ಬಂದ್ರು! ಹೆಂಗಸರು ಬಂದ್ರು ಕಣಮ್ಮ!"

ಪೆನ್ಸಿಲ್ ತೆಗೆದು ಇನ್ನೊಮ್ಮೆ ಸಿಕ್ಕಿಸಿ ಒತ್ತಿದ. "ಹೋದ್ರು!" ಮತ್ತೆ ಒತ್ತಿದ. "ಬಂದ್ರು!" ಎರಡು ವಾರ ಅವನ ನಿದ್ದೆ ಕೆಡಿಸಿದ್ದ ಹೆಂಗಸರು ಈಗ ಹೇಳಿದ ಮಾತು ಕೇಳಿಕೊಂಡು ಹೋಗಿ ಬರುತ್ತಿದ್ದರು. ಅಜ್ಜನಿಗೆ ನಗುವೂ ಬಂತು, ಅಳುವೂ ಬಂತು. ಎರಡನ್ನೂ ಒಟ್ಟಿಗೇ ಮಾಡಿದ.

ಆ ಹೊತ್ತಿಗೆ ಸರಿಯಾಗಿ ಮಗ ಬಾಗಿಲಲ್ಲಿ ಬಂದು ನಿಂತ. ಅಪ್ಪ ಕಿವಿ ಹಿಡಿದುಕೊಂಡು "ಹೆಂಗಸರು ಬಂದ್ರು" ಎಂದು ಕುಣಿಯುತ್ತಿರುವುದು, ಹೆಂಡತಿ ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿರುವುದು ಕಂಡು ಪಾಪ ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ. ಒಬ್ಬರಿಗಿದ್ದ ಕಾಯಿಲೆ ಇಬ್ಬರಿಗಾಯಿತಲ್ಲ ಎಂದುಕೊಂಡ.

"ರೀ, ನೀವು ಇಲ್ಲೇ ನಿಂತಿರಿ," ಎಂದಳು ಸೊಸೆ. "ಫೋನ್ ಕೈಯಲ್ಲಿಟ್ಕೊಳಿ. ನಾನು ಮೇಲಿಂದ ಮಾಡ್ತೀನಿ. ಮಾವ, ಕಿವೀಲಿ ಏನು ಬರತ್ತೋ ಅದನ್ನ ಜೋರಾಗಿ ಹೇಳ್ತಾ ಇರಿ." ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲು ಹಾರಿಕೊಂಡು ಹೋದಳು.

ಟೀಚರಮ್ಮ ಬಾಗಿಲು ತೆರೆದಾಗ ಟಿ.ವಿ.ಯಲ್ಲಿ ಚಿತ್ರ ಓಡುತ್ತಿತ್ತು, ಸದ್ದು ಮಾತ್ರ ಚೂರೂ ಇರಲಿಲ್ಲ. ತಮ್ಮ ಕಿವಿ ಮಂದವಾದದ್ದು ಬೀದಿಗೆ ಗೊತ್ತಾಗಬಾರದೆಂದು ಮಿಷಿನ್ನನ್ನು ಕೂದಲೊಳಗೆ ಮುಚ್ಚಿಟ್ಟುಕೊಂಡಿದ್ದರು ಆ ಮಹಾತಾಯಿ. ಮೊದಲು ಇಲ್ಲವೇ ಇಲ್ಲ ಎಂದರು. ಕೆಳಗಿನ ಗರಗಸ ಇವತ್ತು ಮಾರಾಟವಾಗುತ್ತದೆಂದು ಕೇಳಿದ್ದೇ ತಡ, ಕೂದಲು ಹಿಂದಕ್ಕೆ ಸರಿಸಿದರು. "ಬಡಗಿಯವರಿಗೆ ಹುಚ್ಚಾ? ಯಾರು ಹೇಳಿದ್ದು? ಕೊಡಿಲ್ಲಿ ಫೋನು!"

ಕೆಳಗೆ ಮಗ ಕೈಯಲ್ಲಿ ಫೋನು ಹಿಡಿದು ನಿಂತಿದ್ದ. ಅಜ್ಜ ಕಣ್ಣು ಮುಚ್ಚಿದ.

"ಈ ಮನೆ ಹೊಸಿಲು ದಾಟಿದ್ರೆ ನನ್ನ ಹೆಣ ನೋಡ್ತೀಯ," ಎಂದ ಅಜ್ಜ.

"ಈ ಮನೆ ಹೊಸಿಲು ದಾಟಿದ್ರೆ ನನ್ನ ಹೆಣ ನೋಡ್ತೀಯ," ಎಂದಿತು ಫೋನಿನಲ್ಲಿ ಟೀಚರಮ್ಮನ ಗಂಟಲು.

ಮಗ ಫೋನು ನೋಡಿದ, ಅಪ್ಪನನ್ನು ನೋಡಿದ.

"ಆಸ್ತಿ ಬೇಕಾದ್ರೆ ತಗೋ ತಮ್ಮಾ, ಅಮ್ಮನ್ನ ನಂಗೆ ಬಿಡು," ಎಂದ ಅಜ್ಜ. ಈ ಸಲ ಇಬ್ಬರೂ ಒಟ್ಟಿಗೇ ಹೇಳಿದರು, ಒಂದಕ್ಷರ ಆಚೀಚೆ ಇಲ್ಲ. ಆಮೇಲಂತೂ ತಡೆಯುವವರೇ ಇರಲಿಲ್ಲ. ಮೇಲಿನಿಂದ ಟೀಚರಮ್ಮ, ಕೆಳಗಿನಿಂದ ಅಜ್ಜ, ಮಗ್ಗಿ ಒಪ್ಪಿಸುವ ಮಕ್ಕಳಂತೆ ಜೋರುಜೋರಾಗಿ ಸೀರಿಯಲ್ಲಿನ ಅತ್ತೆಯ ಮಾತು, ಸೊಸೆಯ ಮಾತು, ನಡುವೆ ಬುದ್ಧಿ ಹೇಳುವ ಗಂಡಸಿನ ಮಾತು ಎಲ್ಲವನ್ನೂ ಒಪ್ಪಿಸಿದರು. ಕೊನೆಗೆ ಸಾಬೂನಿನ ಜಾಹೀರಾತು ಬಂತು. ಅಜ್ಜ ಅದನ್ನೂ ಬಿಡಲಿಲ್ಲ, ರಾಗವಾಗಿ ಹಾಡಿಯೇ ಮುಗಿಸಿದ.

ಮಗ ಹೊಟ್ಟಿನ ರಾಶಿಯ ಮೇಲೆ ಕುಸಿದು ಕೂತ.

"ಹಾಲಿಗೆ ವಿಷ ಹಾಕಿದ ಮಗ ಯಾರು ಟೀಚರಮ್ಮ?" ಎಂದು ಅಜ್ಜ ಫೋನಿಗೆ ಬಾಯಿಟ್ಟು ಕೇಳಿದ.

"ಅವನಾ? ಮನೆಹಾಳ! ಮೊನ್ನೆ ಜೈಲಿಗೆ ಹಾಕಿದ್ರು," ಎಂದರು ಟೀಚರಮ್ಮ. "ಅದಿರ್ಲಿ, ಎರಡು ವಾರದಿಂದ ನನ್ನ ಸೀರಿಯಲ್ಲನ್ನ ಕದ್ದು ಕೇಳ್ತಿದೀರಲ್ಲ, ನಾಚಿಕೆ ಆಗಲ್ವೇನ್ರಿ ನಿಮಗೆ!"

ಅಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕ. ತಾನು ನೆಟ್ಟಗಿದ್ದೇನೆ! ತಲೆ ನೆಟ್ಟಗಿದೆ, ಕಿವಿ ನೆಟ್ಟಗಿದೆ, ದೊಡ್ಡಪ್ಪನ ಕೋಣೆ ತನಗಿಲ್ಲ. ಎದೆಯ ಮೇಲೆ ಕೂತಿದ್ದ ಚಪ್ಪಡಿಕಲ್ಲನ್ನು ಯಾರೋ ಎತ್ತಿ ಆಚೆ ಎಸೆದಂತಾಯಿತು. ಬಾಗಿಲಿಗೆ ಬಂದು, ಬೀದಿಯಲ್ಲಿ ಸುಮ್ಮನೆ ಹೋಗುತ್ತಿದ್ದ ತರಕಾರಿ ಗಾಡಿಯವನನ್ನು ನಿಲ್ಲಿಸಿ, "ನಂಗೇನೂ ಆಗಿಲ್ಲ ಕಣಯ್ಯ!" ಎಂದು ಕೂಗಿ ಹೇಳಿದ. ಅವನು ಬೆಪ್ಪಾಗಿ ತಲೆಯಾಡಿಸಿ ಮುಂದೆ ಹೋದ.

ಗಾಡಿಯ ಹಿಂದೆಯೇ ವ್ಯಾನು ಬಂದು ನಿಂತಿತು. ಪೀಠೋಪಕರಣದ ಅಂಗಡಿಯವನು ಆಳುಗಳ ಜತೆ ಇಳಿದು, ನೇರವಾಗಿ ಗರಗಸದ ಹತ್ತಿರ ಬಂದು ಅದರ ಮೈ ಸವರಿದ. ಎಣ್ಣೆ ಹಾಕಿ ಮಿಂಚಿಸಿದ ಕಬ್ಬಿಣ ನೋಡಿ ಅವನ ಬಾಯಲ್ಲಿ ನೀರೂರಿತು.

"ಒಳ್ಳೆ ಮಿಷಿನ್ನು. ಎತ್ರೋ," ಎಂದ ಆಳುಗಳಿಗೆ.

ಅಜ್ಜನ ಬಾಯಿ ತುಂಬ ಮಾತಿತ್ತು. ಆದರೆ ಇದು ತಾನು ಆಡುವ ಮಾತಲ್ಲ ಎಂದು ಅವನಿಗೆ ಗೊತ್ತಿತ್ತು. ಗರಗಸ ಬಿಟ್ಟು ಎರಡು ಹೆಜ್ಜೆ ಹಿಂದೆ ನಿಂತು ಮಗನ ಮುಖ ನೋಡಿದ. ಅಷ್ಟರಲ್ಲಿ ಮೇಲಿನಿಂದ ಇಳಿದುಬಂದ ಸೊಸೆಯೂ ಬಾಗಿಲಲ್ಲಿ ನಿಂತು ಗಂಡನನ್ನೇ ನೋಡಿದಳು.

ಮಗ ಹೊಟ್ಟಿನ ರಾಶಿಯಿಂದ ಎದ್ದು, ಪ್ಯಾಂಟು ಒದರಿಕೊಳ್ಳದೆ ಬಂದು ಗರಗಸಕ್ಕೂ ಆಳುಗಳಿಗೂ ನಡುವೆ ನಿಂತ.

"ಕೈ ತೆಗೀರಿ. ಇದನ್ನ ಮಾರಲ್ಲ."

"ಏನ್ಸಾರ್ ಇದು! ವ್ಯಾನ್ ತಂದಿದೀನಿ. ನಿಮ್ಮಪ್ಪನಿಗೆ ಏನೇನೋ ಕೇಳ್ಸತ್ತೆ, ಇನ್ಮೇಲೆ ಕೆಲಸ ಮಾಡ್ಸಲ್ಲ ಅಂತ ನೀವೇ ಹೇಳಿದ್ರಲ್ಲ?"

"ಹೇಳಿದ್ದೆ," ಎಂದ ಮಗ. "ನಮ್ಮಪ್ಪನಿಗೆ ಕೇಳಿಸ್ತಿದ್ದದ್ದೆಲ್ಲ ನಿಜಾನೇ ಸಾರ್. ಮೇಲ್ಮನೆ ಟಿ.ವಿ. ಇರ್ಬೇಕು ಅಂತ ಅವರು ಹೇಳಿದ್ರು ಕೂಡ. ಕೇಳಿಸ್ಕೊಳ್ದೇ ಇದ್ದೋನು ನಾನು."

ಅಂಗಡಿಯವನಿಗೆ ತಲೆಬುಡ ತಿಳಿಯಲಿಲ್ಲ. ಗೊಣಗುತ್ತ ಹೊರಟವನನ್ನು ಅಜ್ಜ ಕೂಗಿ ಕರೆದ.

"ಬರಿಗೈಲಿ ಯಾಕೆ ಹೋಗ್ತೀರ ಸ್ವಾಮೀ? ಕೊಯ್ಸೋ ಮರ ಏನಿದೆ ತಂದು ಹಾಕಿ. ಈ ಗರಗಸಾನೂ ಇಲ್ಲೇ ಇರತ್ತೆ, ನಾನೂ ಇಲ್ಲೇ ಇರ್ತೀನಿ."

ಅಂಗಡಿಯವನು ವ್ಯಾನಿನತ್ತ ನೋಡಿದ, ಗರಗಸದತ್ತ ನೋಡಿದ, ಲೆಕ್ಕ ಹಾಕಿದ. ನಾಳೆ ಮಂಚದ ಹಲಗೆಗಳನ್ನು ತರುತ್ತೇನೆಂದು ಹೇಳಿ ಹೋದ.

ಮಗ ಶರಟಿನ ತೋಳು ಮಡಚಿದ. ಆಗಲೇ ಗೀಟು ಹಾಕಿಟ್ಟಿದ್ದ ಹಲಗೆಯ ಇನ್ನೊಂದು ತುದಿಗೆ ಹೋಗಿ, ಎರಡೂ ಕೈಯಿಂದ ಹಿಡಿದು, "ಹಿಂಗೆ ಹಿಡಿದ್ರೆ ಸಾಕಾ ಅಪ್ಪ?" ಎಂದು ಕೇಳಿದ.

"ಇನ್ನೂ ಸ್ವಲ್ಪ ಮೇಲೆತ್ತು," ಎಂದು ಹೇಳಿ ಅಜ್ಜ ಸ್ವಿಚ್ಚು ಒತ್ತಿದ.